ಹಿಮ ಕರಗಿದ ಮೇಲೆ ಹುಲ್ಲುಹಾಸು: ಮಿನ್ನೆಸೋಟದ ಮನೆಯಂಗಳದಿಂದ ಕೆಲವು ಪ್ರಶ್ನೆಗಳು

ಮಿನಿಯಾಪೊಲಿಸ್ ಸುತ್ತಮುತ್ತಲಿನ ಕನ್ನಡಿಗರ ನಮ್ಮ ಗುಂಪಿನಲ್ಲಿ ಏಪ್ರಿಲ್ ಬಂತೆಂದರೆ ಲಾನ್ ಕುರಿತ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಹುಲ್ಲುಹಾಸಿನ ಆರೈಕೆಯನ್ನೇ ಇಲ್ಲಿ ಕಸುಬಾಗಿಸಿಕೊಂಡಿರುವ, ಹಾಸನದ ಕಡೆಯ ಸದಸ್ಯರೊಬ್ಬರು ಈ ವಾರ ಉತ್ತರಿಸಿದ್ದಾರೆ.

ಪ್ರಶ್ನೆ (ವುಡ್‌ಬರಿಯ ಸದಸ್ಯೆ): ನಮಸ್ಕಾರ ಸರ್. ಕಳೆದ ಅಕ್ಟೋಬರಿನಲ್ಲಿ ಮನೆ ಕೊಂಡೆವು; ಇದು ಇಲ್ಲಿ ನಮ್ಮ ಮೊದಲ ವಸಂತ. ಹಿಮ ಕರಗಿದ ಮೇಲೆ ನೋಡಿದರೆ ಲಾನ್ ಪೂರ್ತಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದೆ. ಡ್ರೈವ್‌ವೇ ಪಕ್ಕದಲ್ಲಿ ಹಿಮ ರಾಶಿ ಹಾಕಿದ್ದ ಕಡೆ ತಟ್ಟೆಯಗಲದ ಬೂದು ಮಚ್ಚೆಗಳಿದ್ದು, ಅಲ್ಲಿ ಹುಲ್ಲು ಜೇಡರ ಬಲೆ ಕಟ್ಟಿದಂತೆ ನೆಲಕ್ಕೆ ಅಂಟಿಕೊಂಡಿದೆ. ಹಿತ್ತಿಲಿನಲ್ಲಿ ಹಾವು ಹರಿದಂತೆ ಡೊಂಕು ದಾರಿಗಳಾಗಿವೆ. ಶನಿವಾರ ಪವರ್ ರೇಕ್ ಯಂತ್ರವನ್ನು ಬಾಡಿಗೆಗೆ ತಂದು ಎಲ್ಲವನ್ನೂ ಕೆರೆದುಬಿಡೋಣ ಎಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ. ಶಿಲೀಂಧ್ರನಾಶಕವನ್ನೂ ಸಿಂಪಡಿಸಬೇಕೇ? ಅಥವಾ ಲಾನ್ ಸತ್ತೇ ಹೋಗಿದೆಯೇ?

ಉತ್ತರ: ಮೇಡಂ, ಯಂತ್ರದ ಬಾಡಿಗೆಯನ್ನು ಉಳಿಸಿಕೊಳ್ಳುವಂತೆ ಮೊದಲು ಯಜಮಾನರಿಗೆ ಹೇಳಿ. ನೀವು ವಿವರಿಸಿದ್ದರಲ್ಲಿ ಲಾನ್ ಸತ್ತಿರುವ ಲಕ್ಷಣ ನನಗೆ ಕಾಣುತ್ತಿಲ್ಲ. ಇಲ್ಲಿನ ಹೆಚ್ಚಿನ ಮನೆಗಳ ಮುಂದೆ ಇರುವುದು ಕೆಂಟಕಿ ಬ್ಲೂಗ್ರಾಸ್. ಅದರ ಜೊತೆಗೆ ಒಂದಿಷ್ಟು ರೈಗ್ರಾಸ್ ಮತ್ತು ಫೆಸ್ಕ್ಯೂ ಬೆರೆತಿರುತ್ತವೆ. ನಮ್ಮೂರಿನ ಗರಿಕೆ ಬಿಸಿಲಿನ ಹುಲ್ಲಾದರೆ ಇವು ಚಳಿನಾಡಿನ ಹುಲ್ಲುಗಳು. ಎಲೆಗಳನ್ನು ಒಣಗಲು ಬಿಟ್ಟು, ಜೀವವನ್ನು ಬುಡದಲ್ಲಿ ಮತ್ತು ಬ್ಲೂಗ್ರಾಸ್ ಆದರೆ ನೆಲದೊಳಗೆ ಹರಿಯುವ ಕಾಂಡಗಳಲ್ಲಿಯೂ ಇಟ್ಟುಕೊಂಡು ಚಳಿಗಾಲ ಕಳೆಯುತ್ತವೆ. ಒಂದು ಎಸಳಿನ ಬುಡವನ್ನು ಉಗುರಿನಿಂದ ಬಿಡಿಸಿ ನೋಡಿ. ಒಳಗೆ ತಿಳಿಹಸಿರೋ ಬಿಳುಪೋ ಕಂಡು, ಹಿಸುಕಿದಾಗ ಗಟ್ಟಿಯಾಗಿದ್ದರೆ ಅದು ಬದುಕಿದೆ. ಕಂದಾಗಿ ಮೆತ್ತಗೆ ಕಿತ್ತು ಬಂದರೆ ಮಾತ್ರ ಚಿಂತಿಸಬೇಕು. ಆಗಲೂ ನಂಬಿಕೆ ಬಾರದಿದ್ದರೆ ಅಂಗೈಯಗಲದ ಹುಲ್ಲನ್ನು ಮಣ್ಣುಸಮೇತ ಕತ್ತರಿಸಿ ತಂದು, ಬಿಸಿಲು ಬೀಳುವ ಕಿಟಕಿಯ ಬಳಿ ನೀರು ಹಾಕುತ್ತಾ ಎರಡು ವಾರ ಇಟ್ಟುಕೊಳ್ಳಿ. ಚಿಗುರು ಬಂತೋ ಇಲ್ಲವೋ ಎಂಬುದು ಹೊರಗಿನ ಲಾನ್‌ಗಿಂತ ಮೊದಲೇ ಅಲ್ಲಿ ತಿಳಿಯುತ್ತದೆ.

ಬೂದು ಮಚ್ಚೆಗಳನ್ನು ಇಲ್ಲಿ ಸ್ನೋ ಮೋಲ್ಡ್ ಎನ್ನುತ್ತಾರೆ. ನೆಲ ಪೂರ್ತಿ ಹೆಪ್ಪುಗಟ್ಟುವ ಮೊದಲೇ ಹಿಮ ಬಿದ್ದು, ಅದು ಎರಡು ಮೂರು ತಿಂಗಳು ಕರಗದೆ ಕುಳಿತರೆ ಅದರಡಿಯಲ್ಲಿ ಈ ಬೂಷ್ಟು ಬೆಳೆಯುತ್ತದೆ. ಹಿಮದ ರಾಶಿ ಎಲ್ಲಕ್ಕಿಂತ ಕೊನೆಗೆ ಕರಗುವ ಕಾರಣ ಡ್ರೈವ್‌ವೇ ಪಕ್ಕದಲ್ಲಿಯೇ ಅದರ ಹಾವಳಿ ಹೆಚ್ಚು. ಬಗ್ಗಿ ನೋಡಿದರೆ ಒಣಗಿದ ಎಸಳುಗಳ ಮೇಲೆ ರಾಗಿಕಾಳಿನಂತಹ ಸಣ್ಣ ಕಂದು ಉಂಡೆಗಳು ಕಾಣಬಹುದು. ಕಂಡರೆ ಅದು ಬೂದು ಜಾತಿಯದೇ ಎಂದು ಖಾತ್ರಿಯಾಗುತ್ತದೆ. ಅದು ಸಾಮಾನ್ಯವಾಗಿ ಎಲೆಯನ್ನು ತಿಂದು ಬುಡವನ್ನು ಬಿಡುತ್ತದೆ. ಗುಲಾಬಿ ಅಂಚಿನ ಇನ್ನೊಂದು ಜಾತಿಯಿದೆ. ಅದು ಕೆಲವೊಮ್ಮೆ ಬುಡವನ್ನೂ ಹಾಳು ಮಾಡುತ್ತದೆ. ಎರಡಕ್ಕೂ ಈಗ ಔಷಧ ಸಿಂಪಡಿಸುವುದು ದುಡ್ಡು ದಂಡ, ಏಕೆಂದರೆ ಗಾಳಿ ಬಿಸಿಲು ತಗುಲಿದೊಡನೆ ಬೂಷ್ಟು ತಾನಾಗಿಯೇ ನಿಲ್ಲುತ್ತದೆ. ಅಂಟಿಕೊಂಡ ಹುಲ್ಲನ್ನು ಬೀಸಣಿಗೆಯಾಕಾರದ ಹಗುರ ರೇಕ್‌ನಿಂದ ಎಬ್ಬಿಸಿ ಬಿಟ್ಟರೆ ಸಾಕು; ತಲೆ ಬಾಚುವಷ್ಟೇ ಬಲ ಹಾಕಿ, ಹೊಲ ಕೆರೆಯುವಷ್ಟಲ್ಲ.

ಡೊಂಕು ದಾರಿಗಳು ಹಾವಿನವಲ್ಲ, ವೋಲ್ ಎಂಬ ಗಿಡ್ಡ ಬಾಲದ ಇಲಿಯವು. ಹಿಮದ ಅಡಿಯಲ್ಲಿ ಗಿಡುಗ, ಗೂಬೆಗಳ ಕಣ್ಣಿಗೆ ಬೀಳದೆ ಅವು ಚಳಿಗಾಲವಿಡೀ ಹುಲ್ಲು ಮೇಯ್ದುಕೊಂಡು ಓಡಾಡಿರುತ್ತವೆ. ಸಡಿಲ ಹುಲ್ಲನ್ನು ಬಾಚಿ ತೆಗೆದರೆ ಮೇ ತಿಂಗಳ ಹೊತ್ತಿಗೆ ಬಹುಪಾಲು ದಾರಿಗಳು ಮುಚ್ಚಿಕೊಳ್ಳುತ್ತವೆ. ಮುಂದಿನ ಚಳಿಗಾಲಕ್ಕೆ ಮೊದಲು ಹುಲ್ಲನ್ನು ಉದ್ದ ಬಿಡದೆ ಕೊನೆಯ ಬಾರಿಯವರೆಗೂ ಕತ್ತರಿಸಿ, ಉದುರಿದ ಎಲೆಗಳನ್ನು ಎತ್ತಿಸಿದ್ದರೆ ಬೂಷ್ಟು ಮತ್ತು ವೋಲ್ ಎರಡರ ಕಾಟವೂ ಕಡಿಮೆಯಾಗುತ್ತದೆ.

ಅದೇ ಸದಸ್ಯೆ: ಧನ್ಯವಾದಗಳು ಸರ್. ಹಾಗಾದರೆ ಬಾಚುವುದನ್ನಾದರೂ ಈ ಶನಿವಾರ ಮಾಡಬಹುದೇ? ಮಂಡ್ಯದಿಂದ ಬಂದಿರುವ ನಮ್ಮ ಮಾವನವರು, "ನೆಲ ಇನ್ನೂ ಹದಕ್ಕೆ ಬಂದಿಲ್ಲ, ಕಾಲಿಡಬೇಡಿ" ಎನ್ನುತ್ತಿದ್ದಾರೆ. ಹುಲ್ಲು ಕೀಳುವುದಕ್ಕೆ ಆಳು ಇಡುತ್ತಿದ್ದವರು ನಾವು, ನೀವು ಹುಲ್ಲು ಬೆಳೆಸುವುದಕ್ಕೆ ದುಡ್ಡು ಸುರಿಯುತ್ತೀರಲ್ಲ ಎಂದು ನಗುತ್ತಾರೆ ಬೇರೆ.

ಉತ್ತರ: ಮಾವನವರ ಮಾತನ್ನು ಕೇಳಿ. ನಾನು ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳಬೇಕಾದದ್ದನ್ನು ಅವರು ಹದ ಎಂಬ ಒಂದೇ ಪದದಲ್ಲಿ ಹೇಳಿಬಿಟ್ಟಿದ್ದಾರೆ. ಇಲ್ಲಿ ಮೇಲಿನ ಎರಡು ಇಂಚು ಕರಗಿದ್ದರೂ ಕೆಳಗೆ ಹೆಪ್ಪು ಉಳಿದಿರುವುದರಿಂದ ನೀರು ಇಳಿಯದೆ ಮಣ್ಣು ಕೆಸರಾಗಿ ನಿಂತಿರುತ್ತದೆ. ಅದರ ಮೇಲೆ ನಡೆದಾಡಿದರೆ ಮಣ್ಣು ಗಟ್ಟಿಯಾಗಿ, ಬೇರಿಗೆ ಬೇಕಾದ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ಆ ತಪ್ಪನ್ನು ಸರಿಪಡಿಸಲು ಒಂದು ವರ್ಷವೂ ಸಾಲದೆ ಹೋಗಬಹುದು. ಒಂದು ಹಿಡಿ ಮಣ್ಣನ್ನು ಹಿಸುಕಿ, ಹೆಬ್ಬೆರಳಿನಿಂದ ಒತ್ತಿ. ಮುದ್ದೆಯಂತೆ ಉಳಿದರೆ ಕಾಯಿರಿ. ಪುಡಿಯಾಗಿ ಒಡೆದರೆ ರೇಕ್ ಹಿಡಿಯಿರಿ.

ಪವರ್ ರೇಕ್ ಬೇಡವೆಂದದ್ದಕ್ಕೂ ಕಾರಣವಿದೆ. ಹಸಿರು ಎಸಳಿಗೂ ಮಣ್ಣಿಗೂ ನಡುವೆ ಸತ್ತ ಬೇರು, ಕಾಂಡಗಳ ಕಂದು ಪದರವೊಂದು ಕೂಡುತ್ತದೆ; ಅದಕ್ಕೆ ಥ್ಯಾಚ್ ಎನ್ನುತ್ತಾರೆ. ಚಾಕುವಿನಿಂದ ಒಂದು ತುಂಡು ಕತ್ತರಿಸಿ ಅಳೆದು ನೋಡಿ. ಅದು ಅರ್ಧ ಇಂಚಿಗಿಂತ ಕಡಿಮೆಯಿದ್ದರೆ ತೆಗೆಯುವ ಅಗತ್ಯವೇ ಇಲ್ಲ. ಹೆಚ್ಚಿದ್ದರೂ ಆ ಕೆಲಸಕ್ಕೆ, ಹಾಗೆಯೇ ಮಣ್ಣಿನಲ್ಲಿ ಕೊಳವೆಯಂತೆ ರಂಧ್ರ ತೆಗೆಯುವ ಏರೇಶನ್‌ಗೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ ತಿಂಗಳೇ ಒಳ್ಳೆಯದು. ಈಗ ಯಂತ್ರ ಓಡಿಸಿದರೆ ಆಗತಾನೇ ಕಣ್ಣು ಬಿಡುತ್ತಿರುವ ಚಿಗುರು ಬುಡಸಮೇತ ಕಿತ್ತುಬರುತ್ತದೆ. ತೆರೆದ ಮಣ್ಣಿನಲ್ಲಿ ಮೊದಲು ಏಳುವುದು ನೀವು ಬಯಸಿದ ಹುಲ್ಲಲ್ಲ, ಕಳೆ.

ಪ್ರಶ್ನೆ (ಮೇಪಲ್ ಗ್ರೋವ್‌ನ ಸದಸ್ಯ): ಸರ್, ನಮ್ಮಲ್ಲಿ ಪ್ರತಿ ಬೇಸಿಗೆಯೂ ಕ್ರಾಬ್‌ಗ್ರಾಸ್ ಎಂಬ ಕಳೆಹುಲ್ಲಿನ ಹಾವಳಿ. ಅದಕ್ಕೆ ಮೊದಲೇ ಹಾಕುವ ತಡೆಮದ್ದಿನ ಚೀಲವನ್ನೂ ಬೋಳು ಜಾಗಗಳಿಗೆಂದು ಬೀಜದ ಚೀಲವನ್ನೂ ಒಟ್ಟಿಗೆ ತಂದಿಟ್ಟಿದ್ದೇನೆ. ಯಾವುದು ಮೊದಲು?

ಉತ್ತರ: ಒಂದೇ ಜಾಗಕ್ಕೆ ಎರಡನ್ನೂ ಹಾಕಬೇಡಿ, ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಈ ಕೆಲಸಕ್ಕೆ ಇಳಿದ ಮೊದಲ ವರ್ಷ ಗಿರಾಕಿಯೊಬ್ಬರ ಅಂಗಳಕ್ಕೆ ಬೆಳಿಗ್ಗೆ ತಡೆಮದ್ದು ಎರಚಿ, ಮಧ್ಯಾಹ್ನ ಅದರ ಮೇಲೆಯೇ ದುಬಾರಿ ಬೀಜ ಬಿತ್ತಿ, ಮೂರು ವಾರ ನೀರು ಹಾಕಿಸಿದೆ. ಒಂದು ಎಸಳೂ ಮೇಲೇಳಲಿಲ್ಲ. ಮಾರನೆಯ ವರ್ಷ ನನ್ನ ಖರ್ಚಿನಲ್ಲಿಯೇ ಬಿತ್ತಿಕೊಡಬೇಕಾಯಿತು. ಪ್ರೊಡಯಮೀನ್, ಡೈಥಯೋಪೈರ್, ಪೆಂಡಿಮೆಥಲಿನ್‌ನಂತಹ ಮದ್ದುಗಳು ಮೊಳಕೆಯ ಎಳೆಬೇರನ್ನು ಬೆಳೆಯಗೊಡುವುದಿಲ್ಲ. ಆ ಬೇರು ಕ್ರಾಬ್‌ಗ್ರಾಸಿನದೋ ಬ್ಲೂಗ್ರಾಸಿನದೋ ಎಂದು ಅವು ಕೇಳುವುದಿಲ್ಲ. ಬಿತ್ತನೆಗೆ ಎಷ್ಟು ಕಾಲ ಬಿಡಬೇಕೆಂದು ಚೀಲದ ಲೇಬಲ್ಲಿನಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಅದು ತಿಂಗಳುಗಳ ಲೆಕ್ಕ. ಮೆಸೋಟ್ರಿಯೋನ್ ಇರುವ ಮದ್ದನ್ನು ಬ್ಲೂಗ್ರಾಸ್ ಬಿತ್ತುವಾಗಲೂ ಬಳಸಬಹುದು, ಆದರೆ ಲೇಬಲ್ಲನ್ನು ಪೂರ್ತಿ ಓದಿಯೇ ಬಳಸಿ.

ಆದ್ದರಿಂದ ಜಾಗವನ್ನು ಹಂಚಿಕೊಳ್ಳಿ. ಹುಲ್ಲು ದಟ್ಟವಾಗಿದ್ದೂ ಕಳೆ ಬರುವ ಕಡೆ ಮದ್ದು. ತೀರ ಬೋಳಾಗಿರುವ ಕಡೆ ಬೀಜ. ಮದ್ದು ಹಾಕುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡುವ ಬದಲು ಮಣ್ಣನ್ನು ನೋಡಿ ಗೊತ್ತುಮಾಡಿ. ಮೇಲ್ಮಣ್ಣಿನ ಶಾಖ ಹಲವು ದಿನ ಸತತವಾಗಿ 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 10ರಿಂದ 13 ಡಿಗ್ರಿ ಸೆಲ್ಸಿಯಸ್ ಇದ್ದಾಗ ಕ್ರಾಬ್‌ಗ್ರಾಸ್ ಮೊಳೆಯತೊಡಗುತ್ತದೆ. ಮದ್ದು ಅದಕ್ಕೆ ತುಸು ಮೊದಲು ನೆಲದಲ್ಲಿದ್ದು, ಒಂದು ಮಳೆಯಿಂದಲೋ ಸ್ಪ್ರಿಂಕ್ಲರಿನಿಂದಲೋ ಒಳಗಿಳಿದಿರಬೇಕು. ಎರಡು ಇಂಚು ಆಳಕ್ಕೆ ಚುಚ್ಚಿದ ಥರ್ಮಾಮೀಟರನ್ನು ಬೆಳಿಗ್ಗೆ ಒಮ್ಮೆ ನೋಡಿದರೆ ಸಾಕು. ಹಳದಿ ಹೂವಿನ ಫಾರ್ಸಿಥಿಯ ಪೊದೆ ಅರಳಿದ್ದನ್ನೇ ಗುರುತಾಗಿ ಹಿಡಿಯುವವರೂ ಇದ್ದಾರೆ. ಡ್ರೈವ್‌ವೇ, ಕಾಲುದಾರಿಗಳ ಅಂಚಿನ ಮಣ್ಣು ಎಲ್ಲಕ್ಕಿಂತ ಬೇಗ ಕಾಯುವುದರಿಂದ ಕಳೆ ಅಲ್ಲಿಂದಲೇ ಶುರುವಾಗುತ್ತದೆ. ಮದ್ದು ಕಡಿಮೆಯಿದ್ದರೆ ಆ ಅಂಚುಗಳಿಗಷ್ಟೇ ಹಾಕಿ.

ಬೀಜದ ಬಗ್ಗೆ ಇನ್ನೊಂದು ಮಾತು. ರೈಗ್ರಾಸ್ ವಾರದೊಳಗೆ ಮೊಳೆತು ನಿಮ್ಮನ್ನು ಸಂತೋಷಪಡಿಸುತ್ತದೆ. ಬ್ಲೂಗ್ರಾಸ್ ಎರಡರಿಂದ ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಹತ್ತನೆಯ ದಿನ ಬೀಜ ಸತ್ತಿದೆಯೆಂದು ನೀರು ನಿಲ್ಲಿಸುವವರೇ ಹೆಚ್ಚು. ದೊಡ್ಡ ಪ್ರಮಾಣದ ಬಿತ್ತನೆಯಿದ್ದರೆ ಅದನ್ನೂ ಆಗಸ್ಟ್ ನಡುವಿನ ನಂತರಕ್ಕೆ ಇಟ್ಟುಕೊಳ್ಳಿ. ಆಗ ಮಣ್ಣು ಬೆಚ್ಚಗಿರುತ್ತದೆ, ರಾತ್ರಿಗಳು ತಂಪಾಗುತ್ತಿರುತ್ತವೆ, ಕಳೆಯ ಪೈಪೋಟಿಯೂ ತಗ್ಗಿರುತ್ತದೆ.

ಪ್ರಶ್ನೆ (ಈಗನ್‌ನ ಸದಸ್ಯ): ರಸ್ತೆಯ ಅಂಚಿಗೆ ಮೂರಡಿ ಅಗಲಕ್ಕೆ ಹುಲ್ಲು ಸುಟ್ಟಂತಾಗಿದೆ. ಉಪ್ಪಿನ ಕಾರಣವೇ?

ಉತ್ತರ: ಬಹುಶಃ ಹೌದು. ಹಿಮ ಕರಗಿಸಲು ಎರಚುವ ಉಪ್ಪು ಹಿಮದ ಸಮೇತ ಅಂಚಿಗೆ ತಳ್ಳಲ್ಪಟ್ಟು ಅಲ್ಲಿಯೇ ಇಳಿಯುತ್ತದೆ. ಮಣ್ಣು ಹೆಪ್ಪು ಬಿಟ್ಟು ನೀರು ಇಂಗುವಂತಾದ ಮೇಲೆ ಆ ಪಟ್ಟಿಗೆ ನಿಧಾನವಾಗಿ, ಆಳಕ್ಕಿಳಿಯುವಂತೆ ನೀರು ಬಿಟ್ಟು, ಕೆಲವು ದಿನ ಕಳೆದು ಇನ್ನೊಮ್ಮೆ ಬಿಡಿ. ಉಪ್ಪು ಬೇರಿನ ಮಟ್ಟದಿಂದ ಕೆಳಗೆ ಹೋಗಬೇಕು. ಜಿಪ್ಸಮ್ ಹಾಕಿರೆಂದು ಅಂಗಡಿಯವರು ಹೇಳುತ್ತಾರೆ. ಜೇಡಿಮಣ್ಣಿನಲ್ಲಿ ಸೋಡಿಯಂ ನಿಜವಾಗಿ ಕೂತಿದ್ದರೆ ಜಿಪ್ಸಮ್‌ನ ಕ್ಯಾಲ್ಸಿಯಂ ಅದರ ಜಾಗ ಹಿಡಿದು ಅದನ್ನು ಬಿಡಿಸುತ್ತದೆ, ಆದರೆ ಬಿಡಿಸಿದ್ದನ್ನು ತೊಳೆಯಲು ನೀರು ಹೇಗೂ ಬೇಕು. ಸತ್ತ ಜಾಗಕ್ಕೆ ಬ್ಲೂಗ್ರಾಸ್ ಬದಲು ಉಪ್ಪನ್ನು ತಾಳುವ ಫೈನ್ ಫೆಸ್ಕ್ಯೂ ಮಿಶ್ರಣವನ್ನು ಬಿತ್ತಿ.

ನಿಮ್ಮ ಡ್ರೈವ್‌ವೇ ಮಟ್ಟಿಗೆ ಮುಂದಿನ ವರ್ಷ ಕೈ ಬಿಗಿ ಹಿಡಿಯಿರಿ. 12 ಔನ್ಸಿನ ಕಾಫಿ ಮಗ್ಗಿನಷ್ಟು ಉಪ್ಪು ಸುಮಾರು 250 ಚದರ ಅಡಿಗೆ ಸಾಕಾಗುತ್ತದೆ. ನೆಲದ ಶಾಖ 15 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿದರೆ ಸಾದಾ ಉಪ್ಪು ಎಷ್ಟು ಸುರಿದರೂ ಕೆಲಸ ಮಾಡುವುದಿಲ್ಲ.

ಪ್ರಶ್ನೆ (ವುಡ್‌ಬರಿಯ ಸದಸ್ಯೆ ಮತ್ತೆ): ಸರ್, ಗೊಬ್ಬರದ ವಿಷಯದಲ್ಲಿ ಮಾವನವರ ಸಲಹೆ, ಒಂದು ಬೊಗಸೆ ಯೂರಿಯಾ ಎರಚಿದರೆ ವಾರದಲ್ಲಿ ಹಸಿರಾಗುತ್ತದೆ ಎಂದು. ಅಂಗಡಿಯ ಚೀಲಗಳ ಮೇಲಿನ ಮೂರು ಸಂಖ್ಯೆಗಳಲ್ಲಿ ನಡುವಿನದು ಎಲ್ಲದರಲ್ಲೂ ಸೊನ್ನೆಯಿದೆ, ಅದೇಕೆ?

ಉತ್ತರ: ಈ ಬಾರಿ ಮಾವನವರ ಮಾತು ಮೀರಬೇಕಾಗುತ್ತದೆ; ಬೇಸರಿಸಬೇಡವೆಂದು ಅವರಿಗೆ ಹೇಳಿ. ಅವರು ಹೇಳಿದಂತೆ ಹಸಿರು ಬರುವುದು ನಿಜ. ಆದರೆ ಈ ಹುಲ್ಲು ವಸಂತದಲ್ಲಿ ತನ್ನ ಕೂಡಿಟ್ಟ ಆಹಾರದಿಂದಲೇ ಬೇರು ಮತ್ತು ಎಲೆ ಎರಡನ್ನೂ ಬೆಳೆಸಿಕೊಳ್ಳುತ್ತಿರುತ್ತದೆ. ಏಪ್ರಿಲಿನಲ್ಲಿಯೇ ಸಾರಜನಕ ಸುರಿದರೆ ಎಲೆ ಬೇರನ್ನು ಮೀರಿ ಓಡಿ, ಜುಲೈ ಬಿಸಿಲಿಗೆ ಲಾನ್ ಸೊರಗುತ್ತದೆ. ಬೊಗಸೆಯಲ್ಲಿ ಎರಚಿದ ಯೂರಿಯಾ ಬಿದ್ದ ಕಡೆಯೆಲ್ಲ ಸುಟ್ಟ ಪಟ್ಟೆಗಳನ್ನೂ ಬಿಡುತ್ತದೆ. ಮೇ ಕೊನೆಯವರೆಗೆ ಕಾದು, ನಿಧಾನವಾಗಿ ಬಿಡುಗಡೆಯಾಗುವ ಗೊಬ್ಬರವನ್ನು 1000 ಚದರ ಅಡಿಗೆ ಒಂದು ಪೌಂಡ್ ಸಾರಜನಕ ಮೀರದಂತೆ, ಸ್ಪ್ರೆಡರಿನಲ್ಲಿ ಹಾಕಿ. ವರ್ಷಕ್ಕೆ ಒಂದೇ ಬಾರಿ ಹಾಕುವವರಾದರೆ ಅದನ್ನೂ ಬಿಟ್ಟು, ಲೇಬರ್ ಡೇ (ಸೆಪ್ಟೆಂಬರಿನ ಮೊದಲ ಸೋಮವಾರ) ಆಸುಪಾಸಿನಲ್ಲಿ ಹಾಕಿ.

ನಡುವಿನ ಸಂಖ್ಯೆ ರಂಜಕದ್ದು. ಅಂಗಳದಿಂದ ತೊಳೆದುಹೋಗುವ ರಂಜಕ ಕೆರೆಗಳಲ್ಲಿ ಪಾಚಿ ಬೆಳೆಸುತ್ತದೆಯೆಂದು ಮಿನ್ನೆಸೋಟ ರಾಜ್ಯ ಲಾನ್ ಗೊಬ್ಬರದಲ್ಲಿ ಅದನ್ನು ನಿರ್ಬಂಧಿಸಿದೆ. 2005ರಿಂದ ಈ ನಿರ್ಬಂಧ ಇಡೀ ರಾಜ್ಯಕ್ಕೆ ಅನ್ವಯಿಸುತ್ತದೆ. ಹೊಸ ಲಾನ್ ಹಾಕುವಾಗ, ಅಥವಾ ಮಣ್ಣಿನ ಪರೀಕ್ಷೆಯಲ್ಲಿ ಕೊರತೆ ಕಂಡಾಗ ವಿನಾಯಿತಿಯಿದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಿದರೆ ವರದಿ ಕೊಡುತ್ತಾರೆ. ನನ್ನ ಮಟ್ಟಿಗೆ ಹೊಸ ಮನೆಯವರು ಮಾಡಬೇಕಾದ ಮೊದಲ ಖರ್ಚು ಅದೇ. ಡ್ರೈವ್‌ವೇ ಮೇಲೆ ಚೆಲ್ಲಿದ ಗೊಬ್ಬರವನ್ನು ನೀರಿನಲ್ಲಿ ತೊಳೆಯದೆ ಗುಡಿಸಿ ಹುಲ್ಲಿನ ಮೇಲೆ ಹಾಕಿ; ರಸ್ತೆಯ ಚರಂಡಿಗೆ ಹೋದ ನೀರು ಸಂಸ್ಕರಣೆಯಿಲ್ಲದೆ ನೇರ ಕೆರೆ ಹೊಳೆ ಸೇರುತ್ತದೆ.

ಪ್ರಶ್ನೆ (ರೋಚೆಸ್ಟರ್‌ನ ಸದಸ್ಯೆ): ಮೊದಲ ಬಾರಿ ಹುಲ್ಲು ಕತ್ತರಿಸುವುದು ಯಾವಾಗ? ಬಾಚಿದ ಕಸವನ್ನು ಏನು ಮಾಡಬೇಕು?

ಉತ್ತರ: ಹುಲ್ಲು ನಾಲ್ಕು, ನಾಲ್ಕೂವರೆ ಇಂಚು ಬೆಳೆದಾಗ ಮೂರು ಇಂಚಿಗೆ ಕತ್ತರಿಸಿ, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಅದಕ್ಕೆ ಮೊದಲು ಬ್ಲೇಡ್ ಸಾಣೆ ಹಿಡಿಸಿ. ಮೊಂಡು ಬ್ಲೇಡ್ ಎಸಳನ್ನು ಕತ್ತರಿಸುವ ಬದಲು ಹರಿಯುತ್ತದೆ, ಎರಡು ದಿನದಲ್ಲಿ ತುದಿಗಳು ಬೆಳ್ಳಗಾಗಿ ಕಾಣುತ್ತವೆ. ಕತ್ತರಿಸಿದ ಹುಲ್ಲನ್ನು ಅಲ್ಲಿಯೇ ಬಿಡಿ, ಅದು ಪುಕ್ಕಟೆ ಗೊಬ್ಬರ. ಬಾಚಿದ ಕಸವನ್ನು ಮಾತ್ರ ಮನೆಯ ಕಸದ ಡಬ್ಬಿಗೆ ಹಾಕುವಂತಿಲ್ಲ, ಈ ರಾಜ್ಯದಲ್ಲಿ ಅದು ಕಾನೂನಿಗೆ ವಿರುದ್ಧ. ನಿಮ್ಮ ಕೌಂಟಿಯ ಕಾಂಪೋಸ್ಟ್ ಜಾಗಕ್ಕೆ ಒಯ್ಯಿರಿ.

ವುಡ್‌ಬರಿಯ ಸದಸ್ಯೆ: ಸರ್, ಈಗಷ್ಟೇ ಮಣ್ಣು ಹಿಸುಕಿ ನೋಡಿದೆವು. ಮುದ್ದೆಯೇ.

ಉತ್ತರ: ಹಾಗಾದರೆ ಮುಂದಿನ ಶನಿವಾರ ಇನ್ನೊಮ್ಮೆ ನೋಡಿ ಮೇಡಂ. ಅಲ್ಲಿಯವರೆಗೆ ಮೊವರ್ ಬ್ಲೇಡನ್ನು ಸಾಣೆಗೆ ಕೊಡಿ. ಮೇ ಬಂದರೆ ಅಂಗಡಿಗಳಲ್ಲಿ ಸರದಿ ಉದ್ದವಾಗುತ್ತದೆ.