ಎಷ್ಟು ಬಿಗಿದರೂ ಗಾಡಿ ವಾಲುತ್ತೆ, ನಾಳೆ ಬೆಳಗ್ಗೆ ಶಿರಾಡಿ ಇಳಿಬೇಕು

ಮಲ್ನಾಡ್_411:
ತಲೆ ಕೆಟ್ಟು ಹೋಗಿದೆ. ಪಿಕಪ್‌ನಲ್ಲಿ ಬೆಂಗಳೂರಿಂದ ಮಂಗಳೂರಿಗೆ ನನ್ನ ಹಿಮಾಲಯನ್ ಬೈಕ್ ಸಾಗಿಸ್ತಿದೀನಿ. ನೆಲಮಂಗಲದಲ್ಲಿ ಮೈಯೆಲ್ಲ ಬಲ ಹಾಕಿ ಪಟ್ಟಿ ಬಿಗಿದಿದ್ದೆ. ಹಾಸನದಲ್ಲಿ ನೋಡಿದ್ರೆ ಎಡಗಡೆ ಹುಕ್ಕು ಕಳಚಿ ಜೋಲಾಡ್ತಿದೆ, ಗಾಡಿ ಬಲಕ್ಕೆ ವಾಲಿದೆ. ಮತ್ತೆ ಬಿಗಿದೆ. ಸಕಲೇಶಪುರದಲ್ಲಿ ಮತ್ತದೇ ಕಥೆ. ಈಗ ಗೆಳೆಯನ ಮನೆ ಮುಂದೆ ನಿಲ್ಸಿದೀನಿ. ಪಟ್ಟಿ ಡೂಪ್ಲಿಕೇಟಾ?

ಬುಲೆಟ್ ಬಸಣ್ಣ:
ಪಟ್ಟಿ ಗಿಟ್ಟಿ ಬಿಡ್ರಿ. ಡಬಲ್ ಸ್ಟ್ಯಾಂಡ್ ಹಾಕ್ರಿ, ನಾಕೂ ಕಡೆ ಹಗ್ಗ ಜಗ್ಗಿ ಕಟ್ರಿ. ಮುಗೀತು.

ಗ್ರೀಸ್ ಕೈ:
ಯಾವ ಪಿಕಪ್? ಹಿಡಿ ಆಡಿಸಿ ಬಿಗಿಯೋ ರಾಚೆಟ್ ಪಟ್ಟಿನಾ? ಹುಕ್ಕು ಎಲ್ಲಿಗೆ ಹಾಕಿದ್ದೀರಿ? ಫೋಟೋ ಹಾಕಿ ಗುರು.

ಮಲ್ನಾಡ್_411:
ಪಿಕಪ್ ಅಂದ್ರೆ ಪಿಕಪ್, ಅದರಲ್ಲೇನಿದೆ. ಮುಂದೆ ರಾಚೆಟ್ ಎರಡು, ಹ್ಯಾಂಡಲ್‌ಗೆ. ಹಿಂದೆ ನೈಲಾನ್ ಹಗ್ಗ. ಕತ್ತಲಾಗಿದೆ, ಫೋಟೋ ಆಗಲ್ಲ.

ಕುಡ್ಲ ಸವಾರ:
ಮಾರಾಯ್ರೆ, ಅಲ್ಲೇ ಉಂಟು ನೋಡಿ ನಿಮ್ಮ ಸಮಸ್ಯೆ. ನೈಲಾನ್ ಒದ್ದೆಯಾದ್ರೆ ಹಿಗ್ಗುತ್ತದೆ. ರಾಚೆಟ್ ಪಟ್ಟಿ ಪಾಲಿಯೆಸ್ಟರ್, ಅದು ಅಷ್ಟು ಹಿಗ್ಗುವುದಿಲ್ಲ. ದಾರಿಯಲ್ಲಿ ಮಳೆ ಇತ್ತಾ?

ಮಲ್ನಾಡ್_411:
ಒಂದು ಹನಿಯೂ ಇಲ್ಲ.

ಕುಡ್ಲ ಸವಾರ:
ಮಳೆ ಇಲ್ಲದಿದ್ರೂ ಹಗ್ಗದ್ದೇ ಕಿತಾಪತಿ. ಬದಲಾಯಿಸಿ.

ಗ್ರೀಸ್ ಕೈ:
ಕಳಚಿದ್ದು ಮುಂದಿನ ಹುಕ್ಕು, ಹಿಂದಿನ ಹಗ್ಗ ಅಲ್ಲ. ಬಸಣ್ಣ, ಡಬಲ್ ಸ್ಟ್ಯಾಂಡ್ ಮೇಲೆ ಸುಮಾರು 200 ಕೆಜಿ ಗಾಡಿ ಇಟ್ಟು ಮೇಲಿಂದ ಪಟ್ಟಿ ಎಳೆದ್ರೆ, ಹೊಂಡಕ್ಕೆ ಬಿದ್ದಾಗಲೆಲ್ಲ ಪೆಟ್ಟು ತಿನ್ನೋದು ಸ್ಟ್ಯಾಂಡಿನ ಕಾಲು. ಹಿಂದಿನ ಚಕ್ರ ಗಾಳಿಯಲ್ಲಿರುತ್ತೆ, ಸಸ್ಪೆನ್ಷನ್ ಕೆಲಸಕ್ಕೇ ಬರಲ್ಲ.

ಬುಲೆಟ್ ಬಸಣ್ಣ:
ನಮ್ಮಪ್ಪನ ಬುಲೆಟ್ಟನ್ನ ಟ್ರ್ಯಾಕ್ಟರ್ ಟ್ರೇಲರ್‌ನ್ಯಾಗ ಹಂಗ ಒಯ್ದೀವ್ರಿ, ಏನೂ ಆಗಿಲ್ಲ. ನೀವು ಪಟ್ಟಿ ಎಳೆದು ಫೋರ್ಕ್, ಅಂದ್ರ ಮುಂದಿನ ಶಾಕು, ಅದುಮ್ತೀರಿ, ಆಯಿಲ್ ಸೀಲ್ ಒಡೀತದ.

ಗ್ರೀಸ್ ಕೈ:
ಅರ್ಧ ಅದುಮಿದ್ರೆ ಸೀಲ್ ಯಾಕೆ ಒಡೆಯುತ್ತೆ? ಬ್ರೇಕ್ ಹಿಡಿದಾಗಲೆಲ್ಲ ಅದು ಅಷ್ಟು ಅದುಮುತ್ತೆ. ತಳ ಮುಟ್ಟೋ ತನಕ ಎಳೆದು ದಿನಗಟ್ಟಲೆ ಬಿಡಬಾರದು, ಅಷ್ಟೆ.

ಬುಲೆಟ್ ಬಸಣ್ಣ:
ಸೀಲ್ ಬದಲಿಸೋ ಖರ್ಚು ನೀವು ಕೊಡ್ತೀರೇನು?

ಮಲ್ನಾಡ್_411:
ಸ್ವಾಮಿ, ನಿಮ್ಮ ಜಗಳ ಆಮೇಲೆ. ಪಿಕಪ್ಪು ಟಾಟಾ ಏಸ್, ಅದರ ಡ್ರೈವರ್ ಬೆಳಗ್ಗೆ ಆರಕ್ಕೆ ಹೊರಡಬೇಕು ಅಂತಿದಾನೆ. ಮೊದಲೇ ಅವನಿಗೆ ಗಾಡಿ ಓರೆಯಾಗಿ ನಿಲ್ಸಿದ್ದಕ್ಕೆ ಸಿಟ್ಟು, ಬೇರೆ ಸಾಮಾನು ಇಡೋಕೆ ಜಾಗ ಇಲ್ಲ ಅಂತ.

ಗ್ರೀಸ್ ಕೈ:
ಓರೆಯಾಗಿ?! ಇಷ್ಟು ಹೊತ್ತು ಹೇಳಲೇ ಇಲ್ವಲ್ಲ ಮಾರಾಯ. ಮುಂದಿನ ಚಕ್ರ ಎಡಮೂಲೆಗೆ ತಾನೇ?

ಮಲ್ನಾಡ್_411:
ಹೌದು. ಏಸ್ ಬಾಡಿ ಏಳಡಿ ಚಿಲ್ಲರೆ, ಹಿಮಾಲಯನ್ ಉದ್ದ 2190 ಮಿ.ಮೀ., ಅದೂ ಏಳಡಿ ಮೇಲೆ. ಇನ್ನೇನು ಮಾಡೋದು?

ಗ್ರೀಸ್ ಕೈ:
ಹಾಗಾದ್ರೆ ಪಟ್ಟಿ ಡೂಪ್ಲಿಕೇಟ್ ಅಲ್ಲ. ಎಡಗಡೆ ಪಟ್ಟಿ ಗಿಡ್ಡ, ಹೆಚ್ಚೂಕಡಿಮೆ ನೆಟ್ಟಗೆ ಕೆಳಕ್ಕೆ ಇಳಿದಿರುತ್ತೆ. ಬಲಗಡೆದು ಉದ್ದ, ಅಡ್ಡಡ್ಡ. ಹೊಂಡಕ್ಕೆ ಬಿದ್ದು ಫೋರ್ಕ್ ಕೂತಾಗ ನೆಟ್ಟಗಿರೋ ಪಟ್ಟಿ ಪೂರ್ತಿ ಸಡಿಲ ಆಗಿ ಹುಕ್ಕು ಜಾರುತ್ತೆ. ಅಡ್ಡ ಇರೋದು ಅಷ್ಟು ಸಡಿಲ ಆಗಲ್ಲ, ಗಾಡಿಯನ್ನ ಬಲಕ್ಕೆ ಎಳೀತಾನೇ ಇರುತ್ತೆ. ಇನ್ನೂ ಜೋರಾಗಿ ಬಿಗಿದ್ರೆ ಹ್ಯಾಂಡಲ್ ಬೆಂಡಾಗುತ್ತೆ, ಬೇರೇನಿಲ್ಲ.

ನೇರ ನಿಲ್ಸಿ. ವೀಲ್‌ಬೇಸ್, ಅಂದ್ರೆ ಎರಡು ಚಕ್ರದ ನಡುವಿನ ಅಂತರ, 1465 ಮಿ.ಮೀ. ಅಷ್ಟೆ, ಭಾರ ಪೂರ್ತಿ ಒಳಗೇ ಬೀಳುತ್ತೆ. ಹಿಂದಿನ ಮಡ್‌ಗಾರ್ಡ್ ಪಿಕಪ್ಪಿನ ಹಿಂಬಾಗಿಲ ಮೇಲೆ ಚೂರು ಹೊರಗೆ ಬಂದ್ರೆ ಬರಲಿ, ಕೆಂಪು ಬಟ್ಟೆ ಕಟ್ಟಿ. ಹುಕ್ಕು ಹ್ಯಾಂಡಲ್‌ಗೆ ಬೇಡ. ಕೆಳಗಿನ ಟೀ, ಅಂದ್ರೆ ಫೋರ್ಕಿನ ಎರಡು ಕಾಲನ್ನ ಹಿಡಿದಿರೋ ಕ್ಲಾಂಪ್, ಅದರ ಸುತ್ತ ಗಟ್ಟಿ ಪಟ್ಟಿಯ ಕುಣಿಕೆ ಹಾಕಿ, ಅದಕ್ಕೆ ಹುಕ್ಕು. ಎರಡೂ ಕಡೆ ಒಂದೇ ಕೋನ, ಮುಂದಕ್ಕೂ ಹೊರಕ್ಕೂ. ಫೋರ್ಕ್ ಅರ್ಧ ಕೂರಲಿ. ಹುಕ್ಕಿನ ಬಾಯಿಗೆ ಟೇಪ್ ಸುತ್ತಿ. ರಾಚೆಟ್ ರಾಡಿನ ಮೇಲೆ ಎರಡು ಸುತ್ತಾದರೂ ಬರಬೇಕು, ಇಲ್ಲದಿದ್ರೆ ಜಾರುತ್ತೆ. ಹಿಂದಿನ ಪಟ್ಟಿ ಬರೀ ಬಾಲ ಅಲ್ಲಾಡದ ಹಾಗೆ, ಅಲ್ಲಿ ನಿಮ್ಮ ಹಗ್ಗ ಸಾಕು. ಸೈಡ್ ಸ್ಟ್ಯಾಂಡ್ ಮೇಲಕ್ಕೆ ಮಡಚಿ, ಮೊದಲನೇ ಗೇರು ಹಾಕಿ.

ಕುಡ್ಲ ಸವಾರ:
ಹಗ್ಗ ಸಾಕಾ? ನಾನು ಒಪ್ಪುವುದಿಲ್ಲ. ಗುಂಡ್ಯ ಹತ್ತಿರ ಮಳೆ ಬಂದ್ರೆ ನೋಡಿ.

ವಿ-ಕ್ರಾಸ್ ವಿಜಿ:
ಇದಕ್ಕೇ ನಾನು ಸ್ವಂತ ಪಿಕಪ್ ಇಟ್ಕೊಂಡಿರೋದು. ಡೆಕ್ಕಿಗೆ ಮುಂದಿನ ಚಕ್ರ ಹಿಡಿದಿಡೋ ವೀಲ್ ಚಾಕ್ ಬೋಲ್ಟ್ ಹಾಕ್ಸಿದೀನಿ, ಅಲ್ಯೂಮಿನಿಯಂ ರ‍್ಯಾಂಪ್ ಇದೆ, ಒಬ್ಬನೇ ಹತ್ತಿಸ್ತೀನಿ. ಡೆಕ್ಕಿಗೆ ಹಾಸಿರೋ ಬೆಡ್‌ಲೈನರ್ ಫೋಟೋ ಹಾಕ್ಲಾ?

ಗ್ರೀಸ್ ಕೈ:
ಐದಡಿ ಡೆಕ್ಕು ನಿಮ್ಮದು, ಹಿಂದಿನ ಚಕ್ರ ಬಾಗಿಲ ಮೇಲೇ ತಾನೇ?

ವಿ-ಕ್ರಾಸ್ ವಿಜಿ:
ಬಾಗಿಲು ತೆರೆದಿಟ್ಟೇ ಹೋಗೋದು. ಅದೇನೂ ಆಗಲ್ಲ.

ಬುಲೆಟ್ ಬಸಣ್ಣ:
ಇದಕ್ಕಿಂತ ಡಬಲ್ ಸ್ಟ್ಯಾಂಡೇ ಛಲೋ.

ಮಲ್ನಾಡ್_411:
ಈ ಹೊತ್ತಲ್ಲಿ ಸಕಲೇಶಪುರದಲ್ಲಿ ಕುಣಿಕೆಗೆ ಪಟ್ಟಿ ಎಲ್ಲಿ ಸಿಗುತ್ತೆ? ಆನ್‌ಲೈನ್ ಅನ್ಬೇಡಿ.

ಗ್ರೀಸ್ ಕೈ:
ಗುಜರಿಯಲ್ಲಿ ಹಳೇ ಕಾರಿನ ಸೀಟ್ ಬೆಲ್ಟ್ ಕೇಳಿ. ಹರಿದಿರಬಾರದು. ಎರಡು ಮಡಿಕೆ ಮಾಡಿ ಸುತ್ತಿ.

ಹೊಸಬ_ಆಕ್ಟಿವಾ:
ಸಾರ್, ಸ್ಕೂಟರ್‌ಗೂ ಇದೇನಾ? ಮುಂದೆ ಪೂರ್ತಿ ಪ್ಲಾಸ್ಟಿಕ್, ಟೀ ಕಾಣೋದೇ ಇಲ್ಲ. ಹುಕ್ಕು ಎಲ್ಲಿಗೆ?

ಕುಡ್ಲ ಸವಾರ:
ಅದಕ್ಕೆ ಬೇರೆ ಚರ್ಚೆ ತೆಗೀರಿ. ಮುಂದಿನ ಆ ಪ್ಲಾಸ್ಟಿಕ್ ಏಪ್ರನ್ ಮೇಲೆ ಮಾತ್ರ ಪಟ್ಟಿ ಎಳೀಬೇಡಿ, ಒಡೀತದೆ.