ತಿರುಗುತ್ತಾ ಏರುವ ಸ್ಲ್ಯಾಬನ್ನು ರೆವಿಟ್‌ನಲ್ಲಿ ರೂಪಿಸುವುದು ಹೇಗೆ?

ಕೇಳಿದವರು, ಸೋಮವಾರಪೇಟೆ

ತೋಟದ ಇಳಿಜಾರಿನಲ್ಲಿ ನಾವು ಕಟ್ಟುತ್ತಿರುವ ಹೋಂಸ್ಟೇಯ ಅಂಗಳಕ್ಕೆ ಕಾರು ಹತ್ತಲು, ಕಾಲು ವೃತ್ತದಷ್ಟು ತಿರುಗುವ ಕಾಂಕ್ರೀಟ್ ಸ್ಲ್ಯಾಬ್ ಬೇಕಾಗಿದೆ. ಒಳ ತ್ರಿಜ್ಯ 6 ಮೀಟರ್, ಹೊರ ತ್ರಿಜ್ಯ 10 ಮೀಟರ್, ಒಟ್ಟು ಏರಿಕೆ 1.2 ಮೀಟರ್. ರೆವಿಟ್ ಎಂಬ ಕಟ್ಟಡ ವಿನ್ಯಾಸ ತಂತ್ರಾಂಶದಲ್ಲಿ ಫ್ಲೋರ್ ಬರೆದು ಸ್ಲೋಪ್ ಆ್ಯರೋ (ಇಳಿಜಾರಿನ ದಿಕ್ಕು ತೋರಿಸುವ ಬಾಣ) ಕೊಟ್ಟರೆ ಮೇಲಿನ ಅಂಚಿನ ಎರಡು ಮೂಲೆಗಳು ಒಂದೇ ಮಟ್ಟಕ್ಕೆ ಬರುತ್ತಿಲ್ಲ. ಇಂಥದ್ದನ್ನು ಮಾಡಿರುವವರು ದಯವಿಟ್ಟು ತಿಳಿಸಬೇಕು.

ವಾಸ್ತುಶಿಲ್ಪಿ, ಮಡಿಕೇರಿ

ಮೂಲೆಗಳು ಬಾರದಿರುವುದು ತಂತ್ರಾಂಶದ ದೋಷವಲ್ಲ. ಸ್ಲೋಪ್ ಆ್ಯರೋ ಇಡೀ ಸ್ಲ್ಯಾಬನ್ನು ಒಂದೇ ಹಲಗೆಯಂತೆ ಓರೆ ಮಾಡುತ್ತದೆ. ಕೆಳಗಿನ ಅಂಚಿಗೆ ಲಂಬವಾಗಿ ಬಾಣ ಹಾಕಿ ಮೇಲಿನ ಹೊರಮೂಲೆಯನ್ನು 1.2 ಮೀಟರಿಗೆ ಏರಿಸಿದರೆ, ಒಳಮೂಲೆ 0.72 ಮೀಟರಿನಲ್ಲೇ ನಿಲ್ಲುತ್ತದೆ. ಅಂದರೆ 48 ಸೆಂಟಿಮೀಟರ್ ವ್ಯತ್ಯಾಸ. ತಮಗೆ ಬೇಕಿರುವುದು ಓರೆಯಾದ ಸಮತಲವಲ್ಲ, ಸುರುಳಿ ಮೆಟ್ಟಿಲಿನಂತೆ ತಿರುಚಿಕೊಂಡು ಏರುವ ಮೇಲ್ಮೈ.

ಅದಕ್ಕೆ ಮೊದಲು ಸ್ಲೋಪ್ ಆ್ಯರೋವನ್ನು ಅಳಿಸಿ ಫ್ಲೋರನ್ನು ಮಟ್ಟಸವಾಗಿಸಬೇಕು, ಏಕೆಂದರೆ ಬಾಣವಿರುವ ಫ್ಲೋರಿನಲ್ಲಿ ಆಕಾರ ತಿದ್ದುವ ಉಪಕರಣಗಳು ದೊರೆಯುವುದಿಲ್ಲ. ಬಳಿಕ ಆ್ಯಡ್ ಸ್ಪ್ಲಿಟ್ ಲೈನ್ ಬಳಸಿ, ವೃತ್ತದ ಕೇಂದ್ರದಿಂದ ಹೊರಟಂತೆ, 15 ಡಿಗ್ರಿಗೊಂದು ರೇಖೆ ಎಳೆದು, ಮಾಡಿಫೈ ಸಬ್ ಎಲಿಮೆಂಟ್ಸ್ ಮೂಲಕ ಪ್ರತಿ ರೇಖೆಯ ಎರಡೂ ತುದಿಗಳನ್ನು ಹಿಂದಿನದಕ್ಕಿಂತ 200 ಮಿಲಿಮೀಟರ್ ಏರಿಸುತ್ತಾ ಹೋದರೆ ಆರು ತುಂಡುಗಳಲ್ಲಿ 1.2 ಮೀಟರ್ ಮುಟ್ಟುತ್ತದೆ. ಪ್ರತಿ ತುಂಡೂ ತಿರುಚಿಕೊಂಡಿರುವುದರಿಂದ ರೆವಿಟ್ ಅದನ್ನು ಕರ್ಣದಲ್ಲಿ ಮಡಿಸಿ ಎರಡು ತ್ರಿಕೋನ ಮಾಡುತ್ತದೆ. ಆ ಮಡಿಕೆ ಕಣ್ಣಿಗೆ ಚುಚ್ಚಿದರೆ ರೇಖೆಗಳನ್ನು 7.5 ಡಿಗ್ರಿಗೊಂದರಂತೆ ಹಾಕಬಹುದು, ಆದರೆ ನಕ್ಷೆಗಾಗಿ ಮಾತ್ರ ಅಷ್ಟು ಶ್ರಮ ಬೇಕಿಲ್ಲವೆಂಬುದು ನನ್ನ ಅಭಿಪ್ರಾಯ. ರ‍್ಯಾಂಪ್ ಉಪಕರಣವೂ ಕಂಸದಲ್ಲಿ ಏರುತ್ತದೆ. ಫ್ಲೋರಿಗೆ ಕೊಡುವಂತೆ ಪದರಗಳನ್ನು ಅದಕ್ಕೆ ಕೊಡಲಾಗದ ಕಾರಣ ನಾನು ಅದನ್ನು ಬಿಟ್ಟಿದ್ದೇನೆ.

ಇನ್ನೊಂದು ಲೆಕ್ಕವನ್ನು ಈಗಲೇ ನೋಡಿಕೊಳ್ಳುವುದು ಒಳಿತು. ಏರಿಕೆ ಒಂದೇ ಆದರೂ ದೂರ ಬೇರೆ: ಹೊರ ಅಂಚಿನ ಉದ್ದ 15.7 ಮೀಟರ್, ಒಳ ಅಂಚಿನದು 9.4 ಮೀಟರ್. ಹೀಗಾಗಿ ಹೊರಗೆ ಶೇಕಡ 7.6 ಇರುವ ಏರು ಒಳಗೆ ಶೇಕಡ 12.7 ಆಗುತ್ತದೆ. ಆಷಾಢದ ಮಳೆಯಲ್ಲಿ ಪಾಚಿ ಕಟ್ಟಿದ ಕಾಂಕ್ರೀಟಿನ ಮೇಲೆ ಆ ಏರನ್ನು ಹತ್ತುವ ಚಾಲಕನನ್ನು ನೆನೆದು, ಜಾಗವಿದ್ದರೆ ಒಳ ತ್ರಿಜ್ಯವನ್ನು ಹೆಚ್ಚಿಸಿ.

ಸೈಟ್ ಎಂಜಿನಿಯರ್, ವಿರಾಜಪೇಟೆ

ಮೇಲಿನವರ ಮಾತಿಗೆ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟುವ ಅಚ್ಚು) ಕೆಲಸದ ಅನುಭವವನ್ನು ಸೇರಿಸುತ್ತೇನೆ. ಈ ಮೇಲ್ಮೈಯಲ್ಲಿ ಕೇಂದ್ರದಿಂದ ಹೊರಡುವ ಗೆರೆಗಳೆಲ್ಲ ನೇರವಾಗಿಯೂ ಮಟ್ಟಸವಾಗಿಯೂ ಇರುವುದರಿಂದ ಅಡ್ಡಪಟ್ಟಿಗಳನ್ನು ಆ ಗೆರೆಗಳಲ್ಲೇ ಕೂರಿಸಬಹುದು. ಅಗಲವಾದ ಪ್ಲೈವುಡ್ ಹಾಳೆ ಮಾತ್ರ ಅದರ ಮೇಲೆ ಪೂರ್ತಿ ಕೂರುವುದಿಲ್ಲ, ಒಂದು ಮೂಲೆ ಎದ್ದೇ ನಿಲ್ಲುತ್ತದೆ. ನಾವು ಮೊದಲ ಸಲ ಹಾಳೆಯನ್ನು ಒತ್ತಿ ಮೊಳೆ ಹೊಡೆದು ಅರ್ಧ ದಿನ ಕಳೆದುಕೊಂಡು, ಕೊನೆಗೆ ಕಿರಿದಾದ ಹಲಗೆಗಳಿಗೆ ಮರಳಿದೆವು. ಮೇಸ್ತ್ರಿಗೆ ಮೂರು ಆಯಾಮದ ಚಿತ್ರಕ್ಕಿಂತ, ಪ್ರತಿ 15 ಡಿಗ್ರಿಯ ರೇಖೆಗೆ ಒಳ ಮತ್ತು ಹೊರ ಅಂಚಿನ ಎತ್ತರ ಬರೆದ ಒಂದು ಹಾಳೆ ಕೊಡಿ. ಲೆವೆಲ್ ಟ್ಯೂಬ್ (ಮಟ್ಟ ನೋಡುವ ನೀರಿನ ಕೊಳವೆ) ಹಿಡಿದು ಅವರೇ ಗುರುತು ಹಾಕಿಕೊಳ್ಳುತ್ತಾರೆ.

ನೀರಿನ ವಿಷಯವೂ ಇದೆ. ಅಡ್ಡಗೆರೆ ಮಟ್ಟಸವಾಗಿದ್ದರೆ ನೀರು ಬದಿಗೆ ಸರಿಯದೆ ಸ್ಲ್ಯಾಬಿನ ಮೇಲೆಯೇ ಹರಿದು ಕೆಳಗಿನ ತುದಿಯತ್ತ ನುಗ್ಗುತ್ತದೆ. ಒಳ ಅಂಚನ್ನು 80 ಮಿಲಿಮೀಟರ್ ತಗ್ಗಿಸಿದರೆ 4 ಮೀಟರ್ ಅಗಲಕ್ಕೆ ಶೇಕಡ 2ರ ಓರೆ ಸಿಗುತ್ತದೆ. ಮೊದಲ ಮತ್ತು ಕೊನೆಯ ರೇಖೆಗಳನ್ನು ಮಾತ್ರ ಮಟ್ಟಸವಾಗಿ ಬಿಟ್ಟು, ಕೆಳಗಿನ ಅಂಚಿನಲ್ಲಿ ಜಾಲರಿ ಮುಚ್ಚಿದ ಅಡ್ಡ ಚರಂಡಿ ತೋರಿಸಿ. ನಮ್ಮ ಮಳೆಗೆ ಅದು ತಪ್ಪಿದರೆ ನೀರು ನೇರ ರಸ್ತೆಗೆ ಇಳಿಯುತ್ತದೆ.

ಸ್ಟ್ರಕ್ಚರಲ್ ಎಂಜಿನಿಯರ್, ಕುಶಾಲನಗರ

ಕಟ್ಟಡದ ಬಲಗಳ ಲೆಕ್ಕ ಹಾಕುವ ತಂತ್ರಾಂಶವಾದ ಈಟ್ಯಾಬ್ಸ್‌ಗೆ ಒಯ್ಯುವಾಗ ಈ ಸ್ಲ್ಯಾಬನ್ನು ಅಂತಸ್ತನ್ನು ಅಡ್ಡಬಲಕ್ಕೆ ಬಾಗದ ಒಂದೇ ಹಲಗೆಯೆಂದು ಎಣಿಸುವ ರಿಜಿಡ್ ಡಯಾಫ್ರಮ್‌ಗೆ ಸೇರಿಸಬೇಡಿ. ಓರೆಯಾಗಿ ಎರಡು ಮಟ್ಟಗಳನ್ನು ಬೆಸೆಯುವ ಸ್ಲ್ಯಾಬ್ ಭೂಕಂಪದ ಅಡ್ಡಬಲಕ್ಕೆ ಊರುಗೋಲಿನಂತೆ ವರ್ತಿಸಿ, ಪಕ್ಕದ ಕಂಬಗಳತ್ತ ಹೆಚ್ಚಿನ ಬಲವನ್ನು ಸೆಳೆಯುತ್ತದೆ. ಅದನ್ನು ಶೆಲ್ (ಬಾಗುವಿಕೆಯನ್ನೂ ಸಮತಲದ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಫಲಕ) ಆಗಿ ಸಣ್ಣ ತುಂಡುಗಳಲ್ಲಿ ರೂಪಿಸಿ; ಇಲ್ಲವೇ ಮೇಲಿನ ಅಂಚಿನಲ್ಲಿ ಜಾಯಿಂಟ್ ಬಿಟ್ಟು ಕಟ್ಟಡದಿಂದ ಬೇರೆಯಾಗಿಸಿ. ಸಣ್ಣ ಕಟ್ಟಡಕ್ಕೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಆರ್ಕಿಕ್ಯಾಡ್ ಬಳಕೆದಾರರು, ಮಡಿಕೇರಿ

ರೆವಿಟ್‌ನಂತೆಯೇ ಇನ್ನೊಂದು ವಿನ್ಯಾಸ ತಂತ್ರಾಂಶವಾದ ಆರ್ಕಿಕ್ಯಾಡ್‌ನ ಸ್ಲ್ಯಾಬ್ ಉಪಕರಣ ಯಾವಾಗಲೂ ಮಟ್ಟಸವಾಗಿಯೇ ಇರುತ್ತದೆ. ಇದೇ ಕೆಲಸಕ್ಕೆ ನಾನು ಮೆಶ್ ಬಳಸಿ, ಅಂಚಿನ ಬಿಂದುಗಳ ಎತ್ತರವನ್ನು ಒಂದೊಂದಾಗಿ ಕೊಟ್ಟಿದ್ದೇನೆ. ಮೇಲೆ ಹೇಳಿರುವ 200 ಮಿಲಿಮೀಟರಿನ ಲೆಕ್ಕ ಅಲ್ಲಿಯೂ ಹಾಗೆಯೇ ಹೊಂದುತ್ತದೆ.