ಮಾಡೆಲ್ 3 ಪರ್ಫಾರ್ಮೆನ್ಸ್: ಕಂಪನಿ ವೀಲ್ ಇರ್ಲಾ, 18 ಇಂಚಿಗೆ ಇಳೀಲಾ?

ಪ್ರಶ್ನೆ:
ಗಾಡಿ 2022ರ ಟೆಸ್ಲಾ ಮಾಡೆಲ್ 3 ಪರ್ಫಾರ್ಮೆನ್ಸ್. ಕಂಪನಿ ವೀಲ್ 20 ಇಂಚು, ಟೈರ್ 235/35 (ಅಗಲ 235 ಮಿ.ಮೀ., ಗೋಡೆಯ ಎತ್ತರ ಅದರ ಶೇ. 35). ಡೆಟ್ರಾಯಿಟ್ ಕಡೆ ಚಳಿಗಾಲ ಮುಗಿದ್ರೆ ರಸ್ತೆ ತುಂಬಾ ಗುಂಡಿ. ಹೊರಗಿನ 18 ಇಂಚು ಹಾಕಿದ್ರೆ ಬ್ರೇಕಿಗೆ ತಾಗುತ್ತಾ?

ಉತ್ತರ 1:
ಎಲ್ಲಾ 18 ಇಂಚೂ ಕೂರಲ್ಲ ಸರ್. ಪಿಸಿಡಿ (ಬೋಲ್ಟುಗಳ ಸಂಖ್ಯೆ, ಅವು ಕೂರುವ ವೃತ್ತದ ವ್ಯಾಸ) 5x114.3, ಸೆಂಟರ್ ಬೋರ್ (ವೀಲಿನ ನಡುವಿನ ತೂತು) 64.1 ಮಿ.ಮೀ. ಹೊಂದಿದ್ರೆ ಸಾಲದು. ಪರ್ಫಾರ್ಮೆನ್ಸ್ ಗಾಡಿಯ ಬ್ರೇಕ್ ಡಿಸ್ಕ್ ನಡುವೆ ಒಂದು ಮೆಟ್ಟಿಲಿದೆ. ವೀಲಿನ ಹಿಂಬದಿಯಲ್ಲಿ ಅದಕ್ಕೆ ತಕ್ಕ ತಗ್ಗು ಕೊರೆದಿರಬೇಕು. ಇಲ್ಲದಿದ್ರೆ ವೀಲ್ ತಾನು ಕೂರುವ ಹಬ್‌ಗೆ ಸಪಾಟಾಗಿ ಒತ್ತಲ್ಲ, ನಟ್ ಬಿಗಿಯಾದಂತೆ ಕಂಡರೂ ಓಡ್ತಾ ಸಡಿಲ ಆಗುತ್ತೆ. ಸಾಧಾರಣ ಮಾಡೆಲ್ 3ರ ವೀಲನ್ನ ಹಾಗೇ ತಂದು ಹಾಕಲೇಬೇಡಿ. ಕ್ಯಾಲಿಪರ್ (ಡಿಸ್ಕನ್ನ ಹಿಡಿಯುವ ಬ್ರೇಕ್ ಭಾಗ) ವೀಲಿಗೆ ತಾಗದಷ್ಟು ಜಾಗ ಇದೆಯಾ ಅಂತಲೂ ಮಾರುವವರ ಹತ್ರ ಬರಹದಲ್ಲಿ ಕೇಳಿ.

ಉತ್ತರ 2:
ಗುಂಡಿಯೇ ಚಿಂತೆಯಾದ್ರೆ 18x8.5 (ವ್ಯಾಸ, ಅಗಲ ಇಂಚಲ್ಲಿ), ಇಟಿ (ವೀಲಿನ ನಡುಗೆರೆಯಿಂದ ಹಬ್ ಮುಖಕ್ಕಿರುವ ದೂರ, ಮಿ.ಮೀ.) 35ರಿಂದ 40, ಟೈರ್ 235/45 ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಬಗೆ) ಹಾಕಿ. ಟೈರ್ ಗೋಡೆ 82 ಮಿ.ಮೀ.ನಿಂದ 106ಕ್ಕೆ ಏರುತ್ತೆ, ಒಟ್ಟು ವ್ಯಾಸ 4 ಮಿ.ಮೀ. ಅಷ್ಟೇ ಕಮ್ಮಿ, ಸ್ಪೀಡೋಮೀಟರ್ ಕೆಡಲ್ಲ. ಬ್ಯಾಟರಿ ಗಾಡಿ ಭಾರ, ಹಾಗಾಗಿ ಒಂದೊಂದು ವೀಲಿನ ಲೋಡ್ ರೇಟಿಂಗ್ ನೋಡಿ. ಅಗ್ಗದ ಎರಕದ ವೀಲಿಗಿಂತ ಕಂಪನಿದೇ ವಾಸಿ. ದುಡ್ಡಿದ್ರೆ ಫೋರ್ಜ್ಡ್ (ಒತ್ತಿ ರೂಪಿಸಿದ ಲೋಹದ) ವೀಲ್ ತಗೊಳ್ಳಿ: ಹಗುರ, ಪೆಟ್ಟು ತಡೆಯುತ್ತೆ.

ಉತ್ತರ 3:
ನಟ್ ಎಂ14x1.5, ಟಾರ್ಕ್ (ಬಿಗಿಯುವ ಬಲ) 175 ಎನ್‌ಎಂ. ಇಂಪ್ಯಾಕ್ಟ್ ಗನ್ನಲ್ಲಿ ಮುಗಿಸಲು ಬಿಡಬೇಡಿ, 80 ಕಿ.ಮೀ. ಆದ್ಮೇಲೆ ಮತ್ತೆ ಪರೀಕ್ಷಿಸಿ. ನಿಮ್ಮ ಗಾಡಿಗೆ ಬ್ಲೂಟೂತ್ ಟಿಪಿಎಂಎಸ್ (ಟೈರ್ ಗಾಳಿ ಒತ್ತಡ ತೋರಿಸುವ) ಸೆನ್ಸರ್ ಬೇಕು, ಹಳೇ 433 ಮೆಗಾಹರ್ಟ್ಸ್‌ದು ನಡೆಯಲ್ಲ. ಸ್ಕ್ರೀನಿನ ಸರ್ವಿಸ್ ಮೆನುವಲ್ಲಿ ವೀಲ್ ಸೈಜ್ ಬದಲಿಸಿ, ಇಲ್ಲಾಂದ್ರೆ ರೇಂಜ್ ಅಂದಾಜು ತಪ್ಪುತ್ತೆ.